ಒಂದು ಗಂಟೆ ಶಟಲ್ ಆಡಿದರೆ ಟೆನ್ಶನ್ ಎಲ್ಲಿಗೆ ಹೋಗುತ್ತದೆ?

ಸಂಜೆ ಶಟಲ್ ಆಡಲು ಬರುವವರನ್ನು ಯಾಕೆ ಬರ್ತೀರಿ ಅಂತ ಕೇಳಿ ನೋಡಿ. ತೂಕ ಇಳಿಸೋಕೆ ಎನ್ನುವವರು ಒಂದಿಬ್ಬರು ಸಿಗುತ್ತಾರೆ. ಶುಗರ್ ಬಾರ್ಡರಿನಲ್ಲಿದೆ, ಡಾಕ್ಟರ್ ಹೇಳಿದ್ರು ಎನ್ನುವವರೂ ಇರುತ್ತಾರೆ. ಉಳಿದವರ ಉತ್ತರ ಹೆಚ್ಚುಕಡಿಮೆ ಒಂದೇ: "ಅಲ್ಲಿ ನಿಂತರೆ ಎಲ್ಲ ಮರೆತು ಹೋಗುತ್ತೆ ಕಣ್ರೀ." ಅದು ಹೇಗೆ ಮರೆಯುತ್ತೆ ಎಂದು ಇನ್ನೊಂದು ಪ್ರಶ್ನೆ ಹಾಕಿದರೆ, "ಎಂಡಾರ್ಫಿನ್ ಬರುತ್ತಲ್ವಾ" ಎಂದು ಬ್ಯಾಟಿನ ಗ್ರಿಪ್ ಸರಿಮಾಡಿಕೊಳ್ಳುತ್ತಾರೆ.

ಎಂಡಾರ್ಫಿನ್ ಕಥೆ, ಅಂದರೆ ಮೈ ದಣಿದಾಗ ಮೆದುಳು ತಯಾರಿಸುವ ನೋವು ನಿವಾರಕದ ಕಥೆ, ಸುಳ್ಳಲ್ಲ. ಆದರೆ ಅದರಿಂದಲೇ ಎಲ್ಲ ಆಗುವುದಾದರೆ ಜಿಮ್ಮಿನಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿದವರಿಗೂ ಆಫೀಸು ಅಷ್ಟೇ ಮರೆಯಬೇಕಿತ್ತು. ಟ್ರೆಡ್‌ಮಿಲ್ ಮೇಲೆ ಬೆವರು ಸುರಿಸುತ್ತಲೇ ಬಾಸ್ ಜೊತೆ ಮನಸ್ಸಿನಲ್ಲಿ ಜಗಳ ಮುಂದುವರಿಸಿದವರಿಗೆ ಗೊತ್ತು, ಹಾಗೇನೂ ಆಗುವುದಿಲ್ಲ. ಕಾಲು ಓಡುತ್ತಿರುತ್ತದೆ, ತಲೆ ಮೀಟಿಂಗ್ ರೂಮಿನಲ್ಲೇ ಕೂತಿರುತ್ತದೆ. ಶಟಲ್ ಕೋರ್ಟಿನಲ್ಲಿ ಆ ಜಗಳ ಆಡಲು ಆಗುವುದೇ ಇಲ್ಲ. ಆಡಲು ಹೋದರೆ ಪಾಯಿಂಟ್ ಹೋಗುತ್ತದೆ. ಆಟ ಕೊಡುವ ಬಿಡುವಿನ ಗುಟ್ಟು ಮುಕ್ಕಾಲು ಪಾಲು ಇಲ್ಲೇ ಇದೆ ಅನ್ನುವುದು ನನ್ನ ಅಂದಾಜು. ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮೇಲ್ ಬಂದಿದ್ದು ನಾಲ್ಕಕ್ಕೆ, ಎದೆ ಬಡಿಯುತ್ತಿರೋದು ಹತ್ತಕ್ಕೆ

ಮಧ್ಯಾಹ್ನ 4 ಗಂಟೆಗೆ ಮ್ಯಾನೇಜರ್ ಮೇಲ್ ಬರುತ್ತದೆ ಅಂದುಕೊಳ್ಳಿ. ಎರಡೇ ಸಾಲು. ಓದುತ್ತಿದ್ದ ಹಾಗೇ ಎದೆ ಡವಡವ ಎನ್ನುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆಯಲ್ಲಿ ಏನೋ ಕಸಿವಿಸಿ. ಕಿಡ್ನಿಗಳ ಮೇಲೆ ಅಂಟಿಕೊಂಡಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನು ಬಿಟ್ಟಿವೆ. ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ರಕ್ತ ಹೊಟ್ಟೆಯ ಕಡೆಯಿಂದ ಕೈಕಾಲುಗಳ ಕಡೆಗೆ ತಿರುಗುತ್ತದೆ. ಹಾರ್ವರ್ಡಿನ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ 1915ರಲ್ಲಿ ಇದನ್ನು ವಿವರಿಸಿದ: ಎದುರಿಗೆ ಅಪಾಯ ಕಂಡಾಗ ಪ್ರಾಣಿಯ ಮೈ ಹೊಡೆದಾಡಲು ಇಲ್ಲವೇ ಓಡಿಹೋಗಲು ತಯಾರಾಗುತ್ತದೆ. 1936ರಲ್ಲಿ ಹಾನ್ಸ್ ಸೆಲ್ಯೆ ಇಲಿಗಳ ಮೇಲೆ ಪ್ರಯೋಗ ಮಾಡಿ ಇನ್ನೊಂದು ವಿಷಯ ಕಂಡುಕೊಂಡ. ಚಳಿಗೆ ಒಡ್ಡಿದರೂ, ಗಾಯ ಮಾಡಿದರೂ, ಮಿತಿಮೀರಿ ಓಡಿಸಿದರೂ ಇಲಿಗಳ ಮೈಯೊಳಗೆ ಆಗುವ ಬದಲಾವಣೆ ಹೆಚ್ಚುಕಡಿಮೆ ಒಂದೇ ಥರ. ಅಡ್ರಿನಲ್ ಗ್ರಂಥಿ ಊದುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ.

ನಮ್ಮ ಮೈಗೆ ಹುಲಿ ಯಾವುದು, ಮೇಲ್ ಯಾವುದು ಅಂತ ಅಷ್ಟೊಂದು ವ್ಯತ್ಯಾಸ ತಿಳಿಯುವುದಿಲ್ಲ. ಎರಡಕ್ಕೂ ಅದೇ ತಯಾರಿ. ಹುಲಿ ಬಂದಿದ್ದರೆ ಓಡಬಹುದಿತ್ತು. ಮೇಲ್ ಬಂದಾಗ ಮಾಡುವುದೇನು? ಕುರ್ಚಿ ಸರಿಮಾಡಿಕೊಂಡು "ಷೂರ್ ಸರ್" ಎಂದು ಟೈಪ್ ಮಾಡುತ್ತೇವೆ.

ಆದರೂ ಇದು ತಾನಾಗಿ ಇಳಿಯಬೇಕು. ಅಡ್ರಿನಲಿನ್ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ. ಅದರ ಹಿಂದೆಯೇ ಬರುವ ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನು ನಿಧಾನದ್ದು. ಏರಲು ಇಪ್ಪತ್ತು ಮೂವತ್ತು ನಿಮಿಷ, ಇಳಿಯಲು ಇನ್ನೊಂದು ಗಂಟೆ. ಈ ಲೆಕ್ಕದಲ್ಲಿ 4ಕ್ಕೆ ಬಂದ ಮೇಲ್‌ನ ಕಾಟ 6ರ ಹೊತ್ತಿಗೆ ಮುಗಿದಿರಬೇಕು. ಹಾಗಿದ್ದರೆ ರಾತ್ರಿ 10ಕ್ಕೆ, ಹಾಸಿಗೆಯಲ್ಲಿ, ಮತ್ತೆ ಎದೆ ಬಡಿಯುವುದು ಯಾಕೆ?

ಯಾಕೆಂದರೆ ಮೇಲ್ ಬಂದಿದ್ದು ಒಂದೇ ಸಲವಾದರೂ ನಾವು ಅದನ್ನು ಓದುವುದು ನೂರು ಸಲ. ಬಸ್ಸಿನಲ್ಲಿ ಒಮ್ಮೆ, ಸ್ನಾನದ ಮನೆಯಲ್ಲಿ ಒಮ್ಮೆ, ಊಟದ ತಟ್ಟೆ ಮುಂದೆ ಒಮ್ಮೆ. ಪ್ರತಿ ಸಲವೂ ಮೈ ಅದನ್ನು ಹೊಸ ಅಪಾಯ ಎಂದೇ ತಿಳಿಯುತ್ತದೆ. ನೆದರ್‌ಲ್ಯಾಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ಯೋಸ್ ಬ್ರೋಸ್ಕಾಟ್ ಮತ್ತು ಅವರ ಜೊತೆಗಾರರು 2006ರಲ್ಲಿ ಮುಂದಿಟ್ಟ ವಾದ ಇದು: ಆರೋಗ್ಯ ಕೆಡಿಸುವುದರಲ್ಲಿ ನಡೆದ ಘಟನೆಗಿಂತ ಅದನ್ನು ಮೆಲುಕು ಹಾಕುವುದರ ಪಾಲು ದೊಡ್ಡದಿರಬಹುದು. ಚಿಂತೆ ಮಾಡುತ್ತಿರುವಷ್ಟು ಹೊತ್ತೂ ಹೃದಯದ ಬಡಿತ, ಬಿಪಿ, ಹಾರ್ಮೋನು ಎಲ್ಲವೂ ಮೇಲೆಯೇ ನಿಂತಿರುತ್ತವೆ.

ಹಾಗಾಗಿ ಬೇಕಾಗಿರುವುದು ಈ ಮೆಲುಕನ್ನು ಒಂದಷ್ಟು ಹೊತ್ತು ನಿಲ್ಲಿಸುವ ದಾರಿ. "ಯೋಚನೆ ಮಾಡಬೇಡ, ಬಿಟ್ಹಾಕು" ಎಂದು ಮನೆಯವರು ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಬಿಡು ಎಂದರೆ ಬಿಡುವ ಜಾತಿಯದ್ದಲ್ಲ ಅದು.

ಬೆಂಚಿನಲ್ಲಿ ಜಾಗ ಇಲ್ಲ

ಮನುಷ್ಯ ಒಂದು ಹೊತ್ತಿನಲ್ಲಿ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ವಿಷಯಗಳು ತೀರಾ ಕಡಿಮೆ. ಅಮೆರಿಕದ ನೆಲ್ಸನ್ ಕೋವನ್ ಎಂಬ ಮನೋವಿಜ್ಞಾನಿ 2001ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಸುಮಾರು ನಾಲ್ಕು. ಗಮನ ಅನ್ನುವುದು ಬಸ್ ಸ್ಟಾಪಿನ ಚಿಕ್ಕ ಬೆಂಚು ಇದ್ದ ಹಾಗೆ. ನಾಲ್ಕು ಜನ ಕೂತರೆ ಐದನೆಯವನು ನಿಂತೇ ಇರಬೇಕು. ಚಿಂತೆಯನ್ನು ಎಬ್ಬಿಸಿ ಕಳಿಸುವುದು ಕಷ್ಟ. ಆದರೆ ಬೆಂಚು ತುಂಬುವಷ್ಟು ಜನರನ್ನು ಮೊದಲೇ ಕೂರಿಸಿಬಿಟ್ಟರೆ?

ಶಟಲ್ ಮಾಡುವುದು ಅದನ್ನೇ. ಡಬಲ್ಸ್ ಆಟದ ಒಂದು ರ್‍ಯಾಲಿ ತಗೊಳ್ಳಿ. ಎದುರಿನವನ ಮಣಿಕಟ್ಟು ಯಾವ ಕಡೆ ತಿರುಗುತ್ತಿದೆ? ಸ್ಮ್ಯಾಶ್ ಹೊಡೆಯುತ್ತಾನೋ, ಹಾಗೆ ತೋರಿಸಿ ನೆಟ್ ಹತ್ತಿರ ಡ್ರಾಪ್ ಹಾಕುತ್ತಾನೋ? ಪಾರ್ಟ್ನರ್ ಮುಂದಿದ್ದಾನಾ, ಪಕ್ಕದಲ್ಲಿದ್ದಾನಾ? ಕಾಕ್ ಲೈನ್ ಮೇಲೆ ಬೀಳುತ್ತದಾ, ಆಚೆ ಹೋಗುತ್ತದಾ? ಇದಿಷ್ಟನ್ನೂ ನೋಡಿ ತೀರ್ಮಾನಕ್ಕೆ ಬರಲು ಸಿಗುವುದು ಒಂದು ಸೆಕೆಂಡು, ಕೆಲವು ಸಲ ಅದೂ ಇಲ್ಲ. ಬೆಂಚು ತುಂಬಿತು. ಮ್ಯಾನೇಜರ್ ಮೇಲಿಗೆ ಕೂರಲು ಜಾಗ ಇಲ್ಲ.

ಕಾಕ್ ಎಂಬ ಆ ವಸ್ತುವೂ ಇದಕ್ಕೆ ಹೇಳಿ ಮಾಡಿಸಿದಂತಿದೆ. ತೂಕ 5 ಗ್ರಾಂ ಆಸುಪಾಸು, ಅದಕ್ಕೆ 16 ಗರಿ. ಬ್ಯಾಟಿನಿಂದ ಹೊರಡುವಾಗ ಭಾರಿ ವೇಗ. ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಗಂಟೆಗೆ 565 ಕಿಲೋಮೀಟರ್ ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದರು. ಆದರೆ ಗರಿಗಳು ಗಾಳಿಯನ್ನು ಹಿಡಿಯುವುದರಿಂದ ಹೋಗ್ತಾ ಹೋಗ್ತಾ ವೇಗ ದಬಕ್ಕನೆ ಇಳಿಯುತ್ತದೆ. ಚೆಂಡಿನ ಹಾಗೆ ಒಂದೇ ಲೆಕ್ಕದಲ್ಲಿ ಬರುವುದಿಲ್ಲ. ಕಣ್ಣು ತೆಗೆದರೆ ಕೆಟ್ಟೆವು. ನಮ್ಮ ನಿಮ್ಮ ಸ್ಮ್ಯಾಶ್ ಅದರ ಅರ್ಧ ವೇಗವನ್ನೂ ಮುಟ್ಟಲಿಕ್ಕಿಲ್ಲ, ಬಿಡಿ. ಎದುರಿಗೆ ನಿಂತವರೂ ನಮ್ಮಂಥವರೇ ಆದ್ದರಿಂದ ಕಷ್ಟ ಸರಿಸಮ.

ಈ ಸರಿಸಮ ಅನ್ನುವುದು ತುಂಬ ಮುಖ್ಯ. ಹಂಗೇರಿ ಮೂಲದ ಮನೋವಿಜ್ಞಾನಿ ಮಿಹಾಯ್ ಚಿಕ್ಸೆಂಟ್‌ಮಿಹಾಯ್ 1970ರ ದಶಕದಲ್ಲಿ ಬಂಡೆ ಹತ್ತುವವರು, ಚೆಸ್ ಆಡುವವರು, ಡ್ಯಾನ್ಸ್ ಮಾಡುವವರು ಇವರನ್ನೆಲ್ಲ ಮಾತಾಡಿಸಿದರು. ಹೊತ್ತು ಹೋದದ್ದೇ ತಿಳಿಯದಂತೆ ಮುಳುಗುವ ಆ ಸ್ಥಿತಿ ಯಾವಾಗ ಬರುತ್ತದೆ ಎಂದು ಹುಡುಕಿದರು. ಅದಕ್ಕೆ ಫ್ಲೋ ಎಂದು ಹೆಸರಿಟ್ಟರು. ಗುರಿ ಸ್ಪಷ್ಟ ಇರಬೇಕು. ಮಾಡಿದ್ದು ಸರಿಯೋ ತಪ್ಪೋ ಆ ಕ್ಷಣವೇ ಗೊತ್ತಾಗಬೇಕು. ಎದುರಿರುವ ಸವಾಲು ನಮ್ಮ ಕೈಗೆ ಎಟಕುವಂತಿರಬೇಕು, ಆದರೆ ಸುಲಭಕ್ಕೆ ಎಟಕಬಾರದು. ತೀರಾ ಸುಲಭವಾದರೆ ಬೇಜಾರು, ತೀರಾ ಕಷ್ಟವಾದರೆ ಗಾಬರಿ.

ಈಗ ಈ ಪಟ್ಟಿಯನ್ನು ಆಫೀಸಿನ ಪಕ್ಕ ಇಟ್ಟು ನೋಡಿ. ಗುರಿ ತಿಂಗಳಿಗೊಮ್ಮೆ ಬದಲಾಗುತ್ತದೆ. ಮಾಡಿದ್ದು ಸರಿಯೋ ತಪ್ಪೋ ಅಂತ ಅಪ್ರೈಸಲ್ ಬಂದಾಗ ತಿಳಿಯುತ್ತದೆ, ಅದೂ ಅರ್ಧಂಬರ್ಧ. ಕೋರ್ಟಿನಲ್ಲಿ ಹಾಗಲ್ಲ. 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ಅದರೊಳಗೆ ಬಿದ್ದರೆ ಪಾಯಿಂಟ್, ಆಚೆ ಬಿದ್ದರೆ ಇಲ್ಲ. 21ಕ್ಕೆ ಗೇಮ್ ಮುಗಿಯುತ್ತದೆ. ಸೋತರೂ ಹದಿನೈದು ನಿಮಿಷದಲ್ಲಿ ಸೊನ್ನೆಯಿಂದ ಮತ್ತೆ ಶುರು. ದಿನವಿಡೀ ಯಾವುದೂ ಮುಗಿಯದ ಕೆಲಸದಲ್ಲಿ ಇರುವವರಿಗೆ ಏನೋ ಒಂದು ಪೂರ್ತಿ ಮುಗಿಯುವುದನ್ನು ನೋಡುವುದೇ ದೊಡ್ಡ ಸಮಾಧಾನ.

ಬೆಂಗಳೂರಿನಲ್ಲಿ ಇದಕ್ಕೆ ಹಳೆಯ ಇತಿಹಾಸವೂ ಇದೆ. ಈಗಿನ ಹಾಗೆ ಬೀದಿಗೊಂದು ಕೋರ್ಟ್ ಇಲ್ಲದ ಕಾಲದಲ್ಲಿ ಪ್ರಕಾಶ್ ಪಡುಕೋಣೆ ಆಡಿ ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ. ಅದು ಮದುವೆ ಹಾಲೂ ಹೌದು. ಮದುವೆ ಇದ್ದ ದಿನ ಆಟ ಇಲ್ಲ, ಇಲ್ಲದ ದಿನ ಹುಡುಗರು ಬ್ಯಾಟ್ ಹಿಡಿದು ಓಡುತ್ತಿದ್ದರು. 1980ರಲ್ಲಿ ಅವರು ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದರು, ಆ ಪ್ರಶಸ್ತಿ ಗೆದ್ದ ಮೊದಲ ಭಾರತೀಯ. ಆ ಗೆಲುವಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಇಷ್ಟವಾಗುವುದು ಆ ಮದುವೆ ಹಾಲು.

ಹಾಗಾದರೆ ಎಂಡಾರ್ಫಿನ್ ಪಾಲು ಎಷ್ಟು?

ಮೈ ದಣಿದಾಗ ಮೆದುಳು ತನ್ನದೇ ನೋವು ನಿವಾರಕ ತಯಾರಿಸುತ್ತದೆ, ಅದೇ ಎಂಡಾರ್ಫಿನ್. ಅಫೀಮು ಹೋಗಿ ಕೂರುವ ಜಾಗದಲ್ಲೇ ಇದೂ ಕೂರುತ್ತದೆ. 2008ರಲ್ಲಿ ಜರ್ಮನಿಯ ವಿಜ್ಞಾನಿಗಳು 10 ಮಂದಿ ಓಟಗಾರರನ್ನು ಎರಡು ಗಂಟೆ ಓಡಿಸಿ, ಓಡುವ ಮೊದಲು ಮತ್ತು ಆಮೇಲೆ ಮೆದುಳಿನ ಸ್ಕ್ಯಾನ್ ಮಾಡಿದರು. ಮೆದುಳಿನೊಳಗೆ ಎಂಡಾರ್ಫಿನ್ ಜಾತಿಯ ವಸ್ತುಗಳು ಕೆಲಸ ಮಾಡಿದ ಗುರುತು ಕಂಡಿತು. ಓಡಿದವರು "ಖುಷಿ" ಎಂದು ಹೇಳಿದ್ದಕ್ಕೂ ಈ ಗುರುತಿಗೂ ತಾಳೆ ಆಯಿತು. ಗಮನಿಸಬೇಕಾದ ಮಾತು: ಓಡಿದ್ದು ಎರಡು ಗಂಟೆ.

ರಕ್ತದಲ್ಲಿ ಸಿಗುವ ಎಂಡಾರ್ಫಿನ್ ಅಷ್ಟು ಸುಲಭವಾಗಿ ಮೆದುಳಿನೊಳಕ್ಕೆ ಹೋಗುವುದಿಲ್ಲ. ಹಾಗಾಗಿ "ರಕ್ತ ಪರೀಕ್ಷೆಯಲ್ಲಿ ಎಂಡಾರ್ಫಿನ್ ಏರಿತ್ತು" ಎಂಬ ಹಳೆಯ ವರದಿಗಳಿಂದ ಮನಸ್ಸಿನ ಬಗ್ಗೆ ಜಾಸ್ತಿ ಹೇಳಲಾಗದು. 2015ರಲ್ಲಿ ಜರ್ಮನಿಯದ್ದೇ ಇನ್ನೊಂದು ತಂಡ ಇಲಿಗಳನ್ನು ಚಕ್ರದ ಮೇಲೆ ಓಡಿಸಿ ನೋಡಿತು. ಓಡಿದ ಇಲಿಗಳ ಗಾಬರಿ ಕಡಿಮೆಯಾಗುತ್ತಿತ್ತು. ಎಂಡಾರ್ಫಿನ್ ದಾರಿ ಮುಚ್ಚಿದರೂ ಈ ಪರಿಣಾಮ ಹಾಗೇ ಇತ್ತು. ಬೇರೊಂದು ದಾರಿಯನ್ನು, ಮೈ ತಾನೇ ತಯಾರಿಸುವ ಗಾಂಜಾ ಥರದ ರಾಸಾಯನಿಕದ ದಾರಿಯನ್ನು, ಮುಚ್ಚಿದಾಗ ಮಾತ್ರ ಹೋಯಿತು. ಇಲಿಗೆ ಆದದ್ದೆಲ್ಲ ನಮಗೂ ಆಗಬೇಕೆಂದಿಲ್ಲ. ಆದರೂ ಎಂಡಾರ್ಫಿನ್ ಒಂದಕ್ಕೇ ಎಲ್ಲ ಹೊಗಳಿಕೆ ಕೊಡುವುದು ಸರಿಯಲ್ಲ ಎಂದಂತೂ ಆಯಿತು.

ಇನ್ನೊಂದು ವಿಚಿತ್ರ ಇದೆ. ಜೋರಾಗಿ ಆಡುವಾಗಲೂ ಅಡ್ರಿನಲಿನ್, ಕಾರ್ಟಿಸೋಲ್ ಏರುತ್ತವೆ. ಮೈಯ ಲೆಕ್ಕದಲ್ಲಿ ಆಟವೂ ಒಂದು ಸ್ಟ್ರೆಸ್ಸೇ! ಆದರೆ ಇಲ್ಲಿ ಲಿವರ್ ಬಿಟ್ಟ ಸಕ್ಕರೆ ಕಾಲಿನ ಮಾಂಸಖಂಡಕ್ಕೆ ಹೋಗಿ ಖರ್ಚಾಗುತ್ತದೆ. ಆಟ ಮುಗಿದ ಕೂಡಲೇ ಎಲ್ಲ ಇಳಿಯಲು ಶುರುವಾಗುತ್ತದೆ, ಯಾಕೆಂದರೆ ಮೆಲುಕು ಹಾಕಲು ಏನೂ ಉಳಿದಿರುವುದಿಲ್ಲ. ಲೈನ್ ಕಾಲ್ ಬಗ್ಗೆ ಜಗಳ ಆಗಿದ್ದರೆ ಬೇರೆ ಮಾತು.

ಬೇಗ ಗಾಬರಿ ಬೀಳುವವರಿಗೆ ಇದರಿಂದ ಮತ್ತೊಂದು ಉಪಕಾರ ಆಗುತ್ತದೆ. ಅವರಿಗೆ ಎದೆ ಬಡಿತ ಜೋರಾದರೆ ಸಾಕು, ಏನೋ ಆಗಿಬಿಡುತ್ತದೆ ಎಂಬ ಭಯ ಹುಟ್ಟುತ್ತದೆ. ಆ ಭಯಕ್ಕೆ ಬಡಿತ ಇನ್ನೂ ಜೋರಾಗುತ್ತದೆ. ವಾರಕ್ಕೆ ಮೂರು ದಿನ ಆಡುವವರ ಮೈಗೆ ಅದೇ ಬಡಿತ, ಅದೇ ಏದುಸಿರು, ಅದೇ ಬೆವರು ನಗುವಿನ ಜೊತೆ ಅಭ್ಯಾಸವಾಗುತ್ತದೆ. ಬರಬರುತ್ತಾ ಎದೆ ಹೊಡೆದುಕೊಂಡರೆ ಹೆದರಿಕೆ ಆಗುವುದು ಕಡಿಮೆಯಾಗುತ್ತದೆ. ಗಾಬರಿ ಕಾಯಿಲೆಗೆ ಮನೋವೈದ್ಯರು ಕೊಡುವ ಚಿಕಿತ್ಸೆಯಲ್ಲೂ ಬೇಕೆಂದೇ ಎದೆ ಬಡಿತ ಏರಿಸಿ ಅಭ್ಯಾಸ ಮಾಡಿಸುವ ಒಂದು ಭಾಗ ಇರುತ್ತದೆ.

ಮೊಬೈಲ್ ಹಿಡಿದು ಕೂತರೂ ಮರೆಯುತ್ತಲ್ಲ?

ಈ ಪ್ರಶ್ನೆ ಬರಲೇಬೇಕು. ರೀಲ್ಸ್ ನೋಡುತ್ತಾ ಕೂತರೂ ಒಂದು ಗಂಟೆ ಹೋಗುತ್ತದೆ, ಅಲ್ವಾ? ಜರ್ಮನಿಯ ಸಬೀನೆ ಸೊನ್ನೆನ್‌ಟಾಗ್ ಎಂಬ ಮನೋವಿಜ್ಞಾನಿ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ದಾರೆ. ಕೆಲಸ ಮುಗಿಸಿ ಮನೆಗೆ ಬಂದವರು ಮರುದಿನ ಬೆಳಗ್ಗೆ ಹಗುರವಾಗಿ ಏಳಬೇಕಾದರೆ ಸಂಜೆ ಏನಾಗಿರಬೇಕು? 2007ರಲ್ಲಿ ಅವರು ಮತ್ತು ಶಾರ್ಲೊಟ್ ಫ್ರಿಟ್ಸ್ ನಾಲ್ಕು ಅಂಶ ಗುರುತಿಸಿದರು. ಕೆಲಸದಿಂದ ಮನಸ್ಸು ಬಿಡಿಸಿಕೊಂಡಿರಬೇಕು. ಮೈ ಸಡಿಲವಾಗಿರಬೇಕು. ಹೊಸದೇನೋ ಕಲಿತ, ಕೈಗೆ ಪಳಗಿಸಿಕೊಂಡ ಅನುಭವ ಇರಬೇಕು. ಆ ಹೊತ್ತಿನಲ್ಲಿ ಏನು ಮಾಡಬೇಕೆಂಬ ತೀರ್ಮಾನ ನಮ್ಮದೇ ಆಗಿರಬೇಕು.

ರೀಲ್ಸಿನಲ್ಲಿ ಮೊದಲನೆಯದು ಅರ್ಧ ಸಿಗುತ್ತದೆ. ಮೇಲಿನಿಂದ ಬೀಳುವ ಆಫೀಸ್ ಗ್ರೂಪಿನ ನೋಟಿಫಿಕೇಶನ್ ಅದನ್ನೂ ಕಿತ್ತುಕೊಳ್ಳುತ್ತದೆ. ಮೂರನೆಯದು ಸಿಗುವುದೇ ಇಲ್ಲ. ಆಟದಲ್ಲಿ ಜಾಸ್ತಿ ಸಿಗುವುದು ಆ ಮೂರನೆಯದೇ. ಹೋದ ತಿಂಗಳು ಬ್ಯಾಕ್‌ಹ್ಯಾಂಡ್‌ನಲ್ಲಿ ನೆಟ್ ದಾಟಿಸಲು ಆಗುತ್ತಿರಲಿಲ್ಲ, ಈ ತಿಂಗಳು ಹಿಂದಿನ ಲೈನ್ ತನಕ ಹೋಗುತ್ತಿದೆ. ನಲವತ್ತೈದು ವಯಸ್ಸಿನವರಿಗೆ ಬೇರೆಲ್ಲಿ ಸಿಗುತ್ತದೆ ಹೀಗೆ ಕಣ್ಣಿಗೆ ಕಾಣುವ ಪ್ರಗತಿ? ಇನ್ನು ಕೋರ್ಟಿನಲ್ಲಿ ಮೊಬೈಲ್ ಬ್ಯಾಗಿನಲ್ಲಿರುತ್ತದೆ. ಈ ಸಣ್ಣ ವಿಷಯಕ್ಕೂ ಬೆಲೆ ಕಟ್ಟಬೇಕು.

ಸೊನ್ನೆನ್‌ಟಾಗ್ ಹೇಳುವ ಇನ್ನೊಂದು ಮಾತು ಎಲ್ಲರ ಅನುಭವಕ್ಕೂ ಬಂದಿರುತ್ತದೆ. ಟೆನ್ಶನ್ ಜಾಸ್ತಿ ಇದ್ದ ದಿನವೇ ಜನ ಆಟ ತಪ್ಪಿಸುತ್ತಾರೆ. ಬೇಕಾಗಿರುವುದು ಅವತ್ತೇ, ಆದರೆ ಹೊರಡುವ ಶಕ್ತಿ ಇಲ್ಲದಿರುವುದೂ ಅವತ್ತೇ. ವಾಟ್ಸಾಪ್ ಗ್ರೂಪ್ ಉಪಯೋಗಕ್ಕೆ ಬರುವುದು ಇಲ್ಲಿ. "ಮೂರು ಜನ ಆಗಿದ್ದೀವಿ, ಒಬ್ಬರು ಕಮ್ಮಿ, ಬರ್ತೀರಾ?" ಎಂಬ ಮೆಸೇಜಿಗೆ ಇಲ್ಲ ಅನ್ನುವುದು ಕಷ್ಟ. ಒಬ್ಬರೇ ವಾಕಿಂಗ್ ಹೋಗುವವರಿಗೆ ಈ ಒತ್ತಾಯ ಇರುವುದಿಲ್ಲ.

ಜೊತೆ ಆಡುವುದರಲ್ಲಿ ಬೇರೆ ಲಾಭವೂ ಇರುವಂತಿದೆ. ಆಕ್ಸ್‌ಫರ್ಡಿನಲ್ಲಿ ದೋಣಿ ಸ್ಪರ್ಧೆಯ ಹುಡುಗರನ್ನು ಹುಟ್ಟು ಹಾಕುವ ಮೆಷಿನ್ ಮೇಲೆ ಒಮ್ಮೆ ಒಬ್ಬೊಬ್ಬರನ್ನೇ, ಒಮ್ಮೆ ತಂಡವಾಗಿ ಕೂರಿಸಿ ಪರೀಕ್ಷಿಸಿದರು. ಪಟ್ಟ ಶ್ರಮ ಒಂದೇ. ಆದರೆ ಒಟ್ಟಿಗೆ ಮಾಡಿದ ದಿನ ನೋವು ತಡೆಯುವ ಶಕ್ತಿ ಜಾಸ್ತಿ ಇತ್ತು. ಅಮೆರಿಕದ 12 ಲಕ್ಷ ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಒಂದು ದೊಡ್ಡ ಅಧ್ಯಯನ 2018ರಲ್ಲಿ ಪ್ರಕಟವಾಯಿತು. "ಹೋದ ತಿಂಗಳು ಎಷ್ಟು ದಿನ ಮನಸ್ಸು ಸರಿ ಇರಲಿಲ್ಲ?" ಎಂಬ ಪ್ರಶ್ನೆಗೆ ವ್ಯಾಯಾಮ ಮಾಡುವವರು ಹೇಳಿದ ದಿನಗಳು, ಮಾಡದವರಿಗಿಂತ ಸುಮಾರು ಶೇ 43ರಷ್ಟು ಕಡಿಮೆ. ಎಲ್ಲಕ್ಕಿಂತ ಹೆಚ್ಚಿನ ವ್ಯತ್ಯಾಸ ಕಂಡದ್ದು ತಂಡದ ಆಟಗಳಲ್ಲಿ. ಒಂದು ಸಲಕ್ಕೆ ಮುಕ್ಕಾಲು ಗಂಟೆ, ವಾರಕ್ಕೆ ಮೂರರಿಂದ ಐದು ಸಲ ಆಡುವವರು ಎಲ್ಲರಿಗಿಂತ ಚೆನ್ನಾಗಿದ್ದರು. ದಿನಕ್ಕೆ ಮೂರು ಗಂಟೆ ಮೀರಿದರೆ ಲೆಕ್ಕ ತಿರುಗಿಬಿಡುತ್ತಿತ್ತು.

ಅದೇ ವರ್ಷ ಬಂದ ಡೆನ್ಮಾರ್ಕಿನ ಕೋಪನ್‌ಹೇಗನ್ ಅಧ್ಯಯನವನ್ನು ಶಟಲ್ ಆಡುವವರು ಪದೇ ಪದೇ ಫಾರ್ವರ್ಡ್ ಮಾಡುತ್ತಾರೆ. ಸುಮಾರು 8,500 ಜನರನ್ನು 25 ವರ್ಷದವರೆಗೆ ಗಮನಿಸಿದ್ದರು. ಆಟ ವ್ಯಾಯಾಮ ಏನೂ ಇಲ್ಲದವರಿಗೆ ಹೋಲಿಸಿದರೆ ಟೆನಿಸ್ ಆಡುವವರ ಆಯುಸ್ಸು 9.7 ವರ್ಷ, ಬ್ಯಾಡ್ಮಿಂಟನ್ ಆಡುವವರದು 6.2 ವರ್ಷ ಹೆಚ್ಚು. ಜಾಗಿಂಗ್ ಮಾಡುವವರದು 3.2, ಜಿಮ್ಮಿಗೆ ಹೋಗುವವರದು 1.5. ಕೇಳಲು ಚೆನ್ನಾಗಿದೆ. ಆದರೆ ಟೆನಿಸ್ ಆಡಲು ದುಡ್ಡು, ಬಿಡುವು, ಗೆಳೆಯರು, ಮೊದಲೇ ಗಟ್ಟಿ ಇರುವ ಮೈ ಬೇಕು. ಇವು ಇದ್ದವರು ಆಡದಿದ್ದರೂ ಜಾಸ್ತಿ ದಿನ ಬದುಕಬಹುದು. ಅಧ್ಯಯನ ಮಾಡಿದವರೇ ಈ ಎಚ್ಚರಿಕೆ ಕೊಟ್ಟಿದ್ದಾರೆ, ಫಾರ್ವರ್ಡ್ ಮಾಡುವವರು ಅದನ್ನು ಬಿಟ್ಟಿರುತ್ತಾರೆ.

ಹಾಂ, ಆಟ ನೋಡುವುದನ್ನು ಇದೇ ಲೆಕ್ಕಕ್ಕೆ ಸೇರಿಸಬೇಡಿ. 2006ರ ಫುಟ್‌ಬಾಲ್ ವಿಶ್ವಕಪ್ ಜರ್ಮನಿಯಲ್ಲಿ ನಡೆದಾಗ, ಜರ್ಮನಿ ತಂಡದ ಪಂದ್ಯ ಇದ್ದ ದಿನಗಳಲ್ಲಿ ಮ್ಯೂನಿಕ್ ಸುತ್ತಮುತ್ತ ಹೃದಯದ ತುರ್ತು ಕೇಸುಗಳು 2.66 ಪಟ್ಟು ಏರಿದ್ದವು. ಐಪಿಎಲ್ ಕೊನೆಯ ಓವರ್‌ನಲ್ಲಿ ಸೋಫಾದ ಅಂಚಿಗೆ ಬಂದು ಕೂರುವವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಆಟವೇ ಇನ್ನೊಂದು ಆಫೀಸ್ ಆದಾಗ

ಹಗುರವಾಗಲೆಂದು ಶುರುವಾದ ಆಟ ಎಷ್ಟೋ ಸಲ ಹೊಸ ಹೊರೆ ಆಗುತ್ತದೆ. ಮೊದಲು ಸುಮ್ನೆ ಆಡುತ್ತಿರುತ್ತಾರೆ. ಆಮೇಲೆ ಅಪಾರ್ಟ್‌ಮೆಂಟ್ ಲೀಗ್ ಬರುತ್ತದೆ, ಹರಾಜು ಬರುತ್ತದೆ, ಜೆರ್ಸಿ ಬರುತ್ತದೆ. "ಎ ಗ್ರೂಪ್", "ಬಿ ಗ್ರೂಪ್" ಆಗುತ್ತದೆ. ಬಿ ಗ್ರೂಪಿಗೆ ಬಿದ್ದವರು ರಾತ್ರಿಯಿಡೀ ಅದನ್ನೇ ಮೆಲುಕು ಹಾಕುತ್ತಾರೆ. ಪಾರ್ಟ್ನರ್ ತಪ್ಪು ಮಾಡಿದರೆ ಮುಖ ಗಂಟು ಹಾಕುವವರು, ಪ್ರತಿ ಶಾಟಿಗೂ ಕೋಚಿಂಗ್ ಕೊಡುವ ಹಿರಿಯರು ಪ್ರತಿ ಕೋರ್ಟಿನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಸ್ಪರ್ಧೆ ಕೆಟ್ಟದ್ದಲ್ಲ, ಅದಿಲ್ಲದೆ ಬೆಂಚು ತುಂಬುವುದೂ ಇಲ್ಲ. ಆದರೆ ಸ್ಕೋರು ಕೋರ್ಟಿನ ಗೇಟು ದಾಟಿ ಮನೆಗೆ ಬಂದರೆ ಅದೂ ಆ 4 ಗಂಟೆಯ ಮೇಲ್‌ನ ಪಕ್ಕದಲ್ಲೇ ಕೂರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವ್ಯತ್ಯಾಸವನ್ನು ನಾರ್ವೆಯ ಫ್ರೋಡ್ ಸ್ಟೆನ್ಸೆಂಗ್ ಗುರುತಿಸಿದ್ದಾರೆ. ತಪ್ಪಿಸಿಕೊಳ್ಳುವುದರಲ್ಲಿ ಎರಡು ಬಗೆ. ಒಬ್ಬರು ಖುಷಿ ಹುಡುಕಿಕೊಂಡು ಆಟದ ಕಡೆಗೆ ಹೋಗುತ್ತಾರೆ. ಇನ್ನೊಬ್ಬರು ಬೇಡವಾದ ಯೋಚನೆಗಳಿಂದ ಓಡಿ ಬಂದು ಆಟದಲ್ಲಿ ಅಡಗಿಕೊಳ್ಳುತ್ತಾರೆ. ಹೊರಗಿನಿಂದ ನೋಡಿದರೆ ಇಬ್ಬರೂ ಅದೇ ಬೆವರು ಸುರಿಸುತ್ತಿರುತ್ತಾರೆ. ಹವ್ಯಾಸಕ್ಕೆ ಓಡುವ 227 ಜನರನ್ನು ಅವರ ತಂಡ ಪರೀಕ್ಷಿಸಿತು, ಫಲಿತಾಂಶ 2023ರಲ್ಲಿ ಬಂತು. ಅಡಗಿಕೊಳ್ಳಲು ಓಡುವವರಲ್ಲಿ ಓಟದ ಚಟ ಹತ್ತುವುದು ಜಾಸ್ತಿ, ಬದುಕಿನ ಬಗ್ಗೆ ನೆಮ್ಮದಿ ಕಡಿಮೆ. ಮೊದಲ ಬಗೆಯವರಲ್ಲಿ ನೆಮ್ಮದಿ ಹೆಚ್ಚಿತ್ತು.

ನಾವು ಯಾವ ಬಗೆ ಅಂತ ತಿಳಿಯುವುದು ಹೇಗೆ? ಒಂದು ದಿನ ಮಳೆ ಬಂದು ಆಟ ನಿಂತರೆ ಏನಾಗುತ್ತದೆ ನೋಡಿಕೊಳ್ಳಬಹುದು. ಛೆ ಅನಿಸಿದರೆ ಸರಿ. ಕೈಕಾಲು ಕಟ್ಟಿಹಾಕಿದಂತಾಗಿ ಮನೆಯವರ ಮೇಲೆ ರೇಗಾಡುವಂತಾದರೆ, ಮೊಣಕಾಲು ಊದಿಕೊಂಡಿದ್ದರೂ ಕ್ರೇಪ್ ಬ್ಯಾಂಡೇಜ್ ಸುತ್ತಿ ಹೊರಡುವಂತಾದರೆ ಸ್ವಲ್ಪ ಯೋಚಿಸಬೇಕು.

ಕೊಡಗಿನ ರಾಬಿನ್ ಉತ್ತಪ್ಪ 2020ರಲ್ಲಿ ಒಂದು ವಿಷಯ ಬಿಚ್ಚಿ ಹೇಳಿದರು. 2009ರಿಂದ 2011ರ ಸುಮಾರಿಗೆ ಅವರು ಖಿನ್ನತೆಯಲ್ಲಿದ್ದರು, ಸಾಯುವ ಯೋಚನೆ ದಿನವೂ ಕಾಡುತ್ತಿತ್ತು. ಕ್ರಿಕೆಟ್ ಆಡುವಾಗ ಆ ಯೋಚನೆಗಳು ದೂರ ಇರುತ್ತಿದ್ದವು. ಪಂದ್ಯ ಇಲ್ಲದ ದಿನ, ಸೀಸನ್ ಮುಗಿದ ತಿಂಗಳುಗಳಲ್ಲಿ ಬಹಳ ಕಷ್ಟವಾಗುತ್ತಿತ್ತು. ಆಟ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಮಾತು ಯಾವ ಅಧ್ಯಯನದಲ್ಲೂ ನನಗೆ ಸಿಕ್ಕಿಲ್ಲ. ಆಟ ಯೋಚನೆಗಳನ್ನು ಒಂದಷ್ಟು ಹೊತ್ತು ಹೊರಗೆ ನಿಲ್ಲಿಸುತ್ತದೆ. ಅವು ಎಲ್ಲಿಂದ ಬರುತ್ತಿವೆಯೋ ಆ ಜಾಗಕ್ಕೆ ಅದರ ಕೈ ಹೋಗುವುದಿಲ್ಲ. ಉತ್ತಪ್ಪ ಕೊನೆಗೆ ಬೇರೆಯವರ ನೆರವು ಪಡೆದರು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಆಟವೂ ಬೇಡ ಅನಿಸುತ್ತಿದೆ ಎಂದಾದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ. ಇದರ ಹಿಂದೆ ನಮ್ಮ ನಿಮ್ಹಾನ್ಸ್ ಇದೆ.

ಯಾರಿಗೆ ಸಿಗುತ್ತದೆ ಆ ಗಂಟೆ?

ಸಂಜೆ ಆರೂವರೆಯಿಂದ ಎಂಟರವರೆಗಿನ ಸ್ಲಾಟಿನಲ್ಲಿ ಎಷ್ಟು ಹೆಂಗಸರು ಇರುತ್ತಾರೆ ಎಣಿಸಿ ನೋಡಿ. ಅದು ಅಡುಗೆಯ ಹೊತ್ತು, ಮಕ್ಕಳ ಹೋಂವರ್ಕಿನ ಹೊತ್ತು. ಕೇಂದ್ರ ಸರಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಟೆನ್ಶನ್ ಎರಡೂ ಕಡೆ ಇದೆ, ತಪ್ಪಿಸಿಕೊಳ್ಳುವ ಗಂಟೆ ಒಂದೇ ಕಡೆ ಇದೆ. ಕೆಲವು ಬಡಾವಣೆಗಳಲ್ಲಿ ಹೆಂಗಸರು ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಮಕ್ಕಳು ಸ್ಕೂಲಿಗೆ ಹೋದ ಮೇಲೆ, ಬೆಳಗ್ಗೆ ಒಂಬತ್ತೂವರೆಗೆ ಥ್ರೋಬಾಲ್. ಸ್ಕೂಲಿನಲ್ಲಿ ಆಡಿದ ಆಟ, ಒಂದು ನೆಟ್ಟು ಒಂದು ಬಾಲು ಸಾಕು, ಕಿರುಚಾಡಲು ಯಾರೂ ಅಡ್ಡಿ ಮಾಡುವುದಿಲ್ಲ. ಕೆಲಸಕ್ಕೆ ಹೋಗುವ ಹೆಂಗಸರಿಗೆ ಆ ದಾರಿಯೂ ಇಲ್ಲ.

ಕೋರ್ಟ್ ಬಾಡಿಗೆಯೂ ಒಂದು ಗೋಡೆ. ಇದು ಶಟಲ್‌ನಿಂದ ಮಾತ್ರ ಆಗುವ ಕೆಲಸವಲ್ಲ ಅನ್ನುವುದನ್ನು ಇಲ್ಲಿ ಹೇಳಬೇಕು. ಮಲೆನಾಡಿನಲ್ಲಿ ತೋಟದ ಕೆಲಸ ಮುಗಿಸಿ ಆಡುವ ವಾಲಿಬಾಲ್, ಗಲ್ಲಿಯ ಟೆನಿಸ್ ಬಾಲ್ ಕ್ರಿಕೆಟ್, ಊರ ಶಾಲೆಯ ಅಂಗಳದ ಕಬಡ್ಡಿ ಎಲ್ಲದರಲ್ಲೂ ಬೆಂಚು ಅಷ್ಟೇ ಚೆನ್ನಾಗಿ ತುಂಬುತ್ತದೆ.

ಶುರು ಮಾಡುವವರಿಗೆ ಒಂದೆರಡು ಮಾತು. ರಾತ್ರಿ ಹತ್ತರ ಸ್ಲಾಟ್ ಅಗ್ಗಕ್ಕೆ ಸಿಕ್ಕರೂ ನೋಡಿ ತಗೊಳ್ಳಿ. ಸಂಜೆ ಆಡುವುದರಿಂದ ನಿದ್ದೆ ಕೆಡುವುದಿಲ್ಲ, ಆದರೆ ಜೋರಾದ ಆಟಕ್ಕೂ ಮಲಗುವುದಕ್ಕೂ ನಡುವೆ ಒಂದು ಗಂಟೆಯೂ ಇಲ್ಲದಿದ್ದರೆ ನಿದ್ದೆ ಬರುವುದು ತಡವಾಗುತ್ತದೆ. ಕಾಲೇಜು ಬಿಟ್ಟ ಮೇಲೆ ಬ್ಯಾಟ್ ಮುಟ್ಟದೆ ನಲವತ್ತರಲ್ಲಿ ಮತ್ತೆ ಹಿಡಿದವರು ಮೊದಲ ದಿನವೇ ಹಾರಿ ಸ್ಮ್ಯಾಶ್ ಹೊಡೆಯಬಾರದು. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ಅಕಿಲಿಸ್ ಟೆಂಡನ್ ಹರಿಯುವುದು ಇಂಥವರಲ್ಲೇ ಜಾಸ್ತಿ. ಹರಿದಾಗ ಯಾರೋ ಹಿಂದಿನಿಂದ ಒದ್ದ ಹಾಗಾಗುತ್ತದೆ, ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು ಇಳಿಯಿರಿ. ಬಿಪಿ, ಶುಗರ್ ಇರುವವರು ಮೊದಲೇ ಡಾಕ್ಟರನ್ನು ಕೇಳಿಕೊಂಡಿರಿ. ಆಡುವಾಗ ಎದೆ ಬಿಗಿದರೆ, ಎಡಗೈ ಸೆಳೆದರೆ, "ಗ್ಯಾಸ್ ಇರಬೇಕು" ಎಂದು ಇನ್ನೊಂದು ಗೇಮ್ ಆಡಬೇಡಿ. ಬ್ಯಾಟ್ ಅಲ್ಲೇ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಸೀದಾ ಆಸ್ಪತ್ರೆಗೆ ಹೋಗಿ.